"ಚೆನ್ನಾಗಿತ್ತು" ಅಂದರೆ ಸಾಕಾಗಲ್ಲ: ಸಣ್ಣ ರೋಲ್‌ಪ್ಲೇಯಿಂಗ್ ಗೇಮ್‌ಗೆ ಫೀಡ್‌ಬ್ಯಾಕ್

(ತೆರೆಯ ಮೇಲೆ: ಮೇಜು, ಎರಡು ದಾಳ, ಪೆನ್ಸಿಲ್‌ನಲ್ಲಿ ತುಂಬಿದ ಕ್ಯಾರೆಕ್ಟರ್ ಶೀಟ್)

ನಮಸ್ಕಾರ ಎಲ್ಲರಿಗೂ. ಒಬ್ಬರೋ ಇಬ್ಬರೋ ಸೇರಿ ಬರೆದ ಸಣ್ಣ ಟೇಬಲ್‌ಟಾಪ್ ಆಟ. ನಾಲ್ಕು ಜನ ಕೂತು ಮೂರು ಗಂಟೆ ಆಡಿದರು. ಕೊನೆಗೆ ಬರೆದವರು ಆಸೆಯಿಂದ ಕೇಳುತ್ತಾರೆ, "ಹೇಗಿತ್ತು?" ಎಲ್ಲರೂ ಹೇಳುತ್ತಾರೆ, "ಚೆನ್ನಾಗಿತ್ತು." ಇಂಥ ಉತ್ತರ ಇಟ್ಟುಕೊಂಡು ಆಟದಲ್ಲಿ ಒಂದು ಸಾಲನ್ನೂ ತಿದ್ದೋಕೆ ಆಗಲ್ಲ. ಇವತ್ತು ಅದರ ಬಗ್ಗೆಯೇ ಮಾತಾಡೋಣ.

ಹೊಸಬರಿಗೆ ಒಂದು ಮಾತು. ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ಎಲ್ಲರೂ ಸೇರಿ ಬಾಯಲ್ಲಿ ಕಟ್ಟುವ ಕಥೆ. ಒಬ್ಬರು ಜಿಎಂ, ಆಟ ನಡೆಸುವವರು. ಉಳಿದವರಿಗೆ ಒಂದೊಂದು ಪಾತ್ರ. ಏನಾಗುತ್ತದೆ ಅಂತ ಗೊತ್ತಿಲ್ಲದ ಕಡೆ ದಾಳ ಹಾಕುತ್ತೇವೆ. ಅಷ್ಟೇ.

ನಾನೂ ಒಂದು ಆಟ ಬರೆಯುತ್ತಿದ್ದೇನೆ, 24 ಪುಟದ್ದು. ದಾರಿ ತಪ್ಪಿದ ಕೆಲವರು ಕಾಡಿನಲ್ಲಿ ಒಂದು ರಾತ್ರಿ ಕಳೆಯಬೇಕು, ಎಲ್ಲರಿಗೂ ಸೇರಿ ಇರುವುದು ಒಂದೇ ಲಾಟೀನು. ಅಪಾಯದ ಕೆಲಸಕ್ಕೆ ಕೈ ಹಾಕಿದರೆ ಎರಡು ದಾಳ ಹಾಕಿ ಕೂಡಿಸಬೇಕು. 10 ಅಥವಾ ಜಾಸ್ತಿ ಬಂದರೆ ಗೆದ್ದಿರಿ. 7ರಿಂದ 9 ಬಂದರೆ ಕೆಲಸ ಆಗುತ್ತದೆ, ಆದರೆ ಅದಕ್ಕೆ ಏನಾದರೂ ತೆರಬೇಕು. 6 ಅಥವಾ ಕಡಿಮೆ ಬಂದರೆ ಆಗಲಿಲ್ಲ. ಈ ಲೆಕ್ಕವನ್ನು ನಾನು 2010ರಲ್ಲಿ ಬಂದ "ಅಪೋಕ್ಯಾಲಿಪ್ಸ್ ವರ್ಲ್ಡ್" ಅನ್ನುವ ರೋಲ್‌ಪ್ಲೇಯಿಂಗ್ ಗೇಮ್‌ನಿಂದ ತೆಗೆದುಕೊಂಡೆ. ಅದಾದ ಮೇಲೆ ಬಂದ ಎಷ್ಟೋ ಇಂಡೀ ಆಟಗಳು, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ಬರೆದ ಆಟಗಳು, ಇದೇ ಲೆಕ್ಕವನ್ನು ಬಳಸುತ್ತವೆ.

ಮೂರನೇ ಪ್ಲೇಟೆಸ್ಟ್, ಅಂದರೆ ಬರೆಯುತ್ತಿರುವ ಆಟವನ್ನು ಪರೀಕ್ಷೆಗೆ ಅಂತ ಆಡಿ ನೋಡುವುದು. ಒಬ್ಬರು ಹಳ್ಳ ದಾಟೋಕೆ ದಾಳ ಹಾಕಿದರು. 5 ಬಂತು. "ಆಗಲಿಲ್ಲ, ಕಲ್ಲು ಜಾರುತ್ತಿದೆ" ಅಂದೆ. ಮತ್ತೆ ಹಾಕಿದರು. 4. "ಈಗಲೂ ಆಗಲಿಲ್ಲ" ಅಂದೆ. ಅವರು ಏನೂ ಮಾತಾಡಲಿಲ್ಲ. ದಾಳವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಪೆನ್ಸಿಲ್ ತೆಗೆದುಕೊಂಡು, ತಮ್ಮ ಪಾತ್ರದ ವಿವರ ಬರೆದ ಶೀಟಿನ ಅಂಚಿನಲ್ಲಿ ಒಂದು ಎಲೆ ಬಿಡಿಸಿದರು. ಅದರ ಪಕ್ಕ ಇನ್ನೊಂದು. ಆಟ ಮುಗಿಯುವ ಹೊತ್ತಿಗೆ ಅಂಚಿನ ತುಂಬಾ ಎಲೆ.

(ತೆರೆಯ ಮೇಲೆ: ಆ ಶೀಟು, ಹತ್ತಿರದಿಂದ)

ಆಮೇಲೆ ಫೀಡ್‌ಬ್ಯಾಕ್ ಕೇಳಿದೆ. ನಾಲ್ವರಲ್ಲಿ ಮೂವರದ್ದು ಒಂದೇ ಮಾತು: "ದಾಳ ತುಂಬಾ ಕಷ್ಟ. 6ಕ್ಕೆ ಸೋಲೋ ಬದಲು 4ಕ್ಕೆ ಸೋಲೋ ಹಾಗೆ ಮಾಡಿ." ಲೆಕ್ಕ ಹಾಕಿ ನೋಡಿದೆ. ಎರಡು ದಾಳ ಬೀಳೋಕೆ ಒಟ್ಟು 36 ದಾರಿ. ಅದರಲ್ಲಿ 6 ಅಥವಾ ಕಡಿಮೆ ಬರುವುದು 15 ದಾರಿಯಲ್ಲಿ, ಅಂದರೆ ಸುಮಾರು 42 ಶೇಕಡ. 4ಕ್ಕೆ ಇಳಿಸಿದರೆ 36ರಲ್ಲಿ 6 ಸಲ ಮಾತ್ರ, ಸುಮಾರು 17 ಶೇಕಡ. ಅವರು ಹೇಳಿದ್ದು ಸರಿ ಅನಿಸಿತು, ಹಾಗೇ ಬದಲಾಯಿಸಿದೆ.

ನಾಲ್ಕನೇ ಟೆಸ್ಟಿನಲ್ಲಿ ಯಾರೂ ಸೋಲಲೇ ಇಲ್ಲ. ಯಾರಿಗೂ ಭಯವೂ ಆಗಲಿಲ್ಲ. ಬೆಳಗಾಗುವ ಹೊತ್ತಿಗೆ ಲಾಟೀನಿನಲ್ಲಿ ಅರ್ಧ ಎಣ್ಣೆ ಹಾಗೇ ಉಳಿದಿತ್ತು. ಕಾಡಿನ ರಾತ್ರಿ ಹೋಗಿ ಸಂಜೆ ವಾಕಿಂಗ್ ಆಗಿತ್ತು.

ಆಗ ಆ ಎಲೆಗಳ ಶೀಟು ಮತ್ತೆ ತೆಗೆದು ನೋಡಿದೆ. ಆ ಮನುಷ್ಯ ಸುಮ್ಮನಾಗಿದ್ದು ಸೋತಿದ್ದಕ್ಕಲ್ಲ. ಸೋತ ಮೇಲೆ ಏನೂ ಆಗಲಿಲ್ಲವಲ್ಲ, ಅದಕ್ಕೆ. ಹಳ್ಳ ಅಲ್ಲೇ ಇತ್ತು, ಅವರೂ ಅಲ್ಲೇ ಇದ್ದರು, ಕಥೆ ನಿಂತಿತ್ತು. ಅಪೋಕ್ಯಾಲಿಪ್ಸ್ ವರ್ಲ್ಡ್‌ನಲ್ಲಿ ಕಡಿಮೆ ಬಿದ್ದರೆ ಆಟ ನಡೆಸುವವರು ಏನಾದರೂ ಆಗಿಸುತ್ತಾರೆ, ಸುಮ್ನೆ "ಆಗಲಿಲ್ಲ" ಅಂತ ಬಿಡುವ ಹಾಗಿಲ್ಲ. ನಾನು ಅಂಕಿಗಳನ್ನು ತಂದುಕೊಂಡು ಮುಖ್ಯವಾದದ್ದನ್ನೇ ಅಲ್ಲಿ ಬಿಟ್ಟು ಬಂದಿದ್ದೆ.

ಅಂಕಿಯನ್ನು ಮತ್ತೆ 6ಕ್ಕೆ ತಂದೆ. ಒಂದು ಸಾಲು ಸೇರಿಸಿದೆ: ಸೋತರೆ ಕಾಡಿನಲ್ಲಿ ಏನಾದರೂ ಬದಲಾಗಲೇಬೇಕು. ನೀರು ಏರುತ್ತದೆ, ಲಾಟೀನು ಬೀಳುತ್ತದೆ, ಆಚೆ ದಡದಲ್ಲಿ ಯಾರೋ ಕೆಮ್ಮುತ್ತಾರೆ. ಅದೇ ನಾಲ್ಕು ಜನ ಮತ್ತೆ ಆಡಿದರು. ಅವತ್ತು ಏಳು ಸಲ ಸೋತರು, ದಾಳ ಕಷ್ಟ ಅಂತ ಒಬ್ಬರೂ ಹೇಳಲಿಲ್ಲ.

ಆಟಗಾರರು "ಇಲ್ಲಿ ಏನೋ ಸರಿಯಿಲ್ಲ" ಅಂದರೆ ಅದನ್ನು ನಂಬಲೇಬೇಕು, ವಾದ ಮಾಡಬಾರದು. ಆದರೆ "ಹೀಗೆ ಸರಿ ಮಾಡಿ" ಅಂದಾಗ ಒಂದು ದಿನ ತಡೆದು ಯೋಚಿಸಬೇಕು. ಅವರು ಆಡಿದ್ದು ಒಂದು ಸಂಜೆ. ಆಟದ ಒಳಗೆ ಯಾವ ದಾರ ಯಾವುದಕ್ಕೆ ಕಟ್ಟಿದೆ ಅಂತ ಅವರಿಗೆ ಗೊತ್ತಿರಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಅದಕ್ಕೇ ಈಗ ನಾನು "ಇಷ್ಟ ಆಯ್ತಾ?" ಅಂತ ಕೇಳುವುದಿಲ್ಲ. "ಇವತ್ತು ಏನಾಯಿತು ಅಂತ, ಇಲ್ಲಿ ಇಲ್ಲದವರಿಗೆ ಹೇಳೋ ಹಾಗೆ ಹೇಳಿ" ಅನ್ನುತ್ತೇನೆ. ಇದರಷ್ಟು ಒಳ್ಳೆ ಪ್ರಶ್ನೆ ನನಗೆ ಇನ್ನೂ ಸಿಕ್ಕಿಲ್ಲ. ಅವರು ಏನು ಹೇಳುತ್ತಾರೆ ಅನ್ನುವುದಕ್ಕಿಂತ ಏನು ಬಿಡುತ್ತಾರೆ ನೋಡಿ. ನನ್ನ ಆಟದಲ್ಲಿ ಪಾತ್ರಗಳ ಹಳೇ ನೆನಪುಗಳಿಗೆ ಅಂತಲೇ ನಾಲ್ಕು ಪುಟ ಇತ್ತು, ನನಗೆ ತುಂಬಾ ಪ್ರೀತಿಯ ಭಾಗ. ಎರಡು ಗುಂಪು ಕಥೆ ಹೇಳಿತು, ಎರಡರಲ್ಲೂ ನೆನಪಿನ ಮಾತೇ ಬರಲಿಲ್ಲ. ಈಗ ಅದು ಅರ್ಧ ಪುಟ. ಕತ್ತರಿಸುವಾಗ ಸಂಕಟ ಆಯಿತು, ನಿಜ.

ಇನ್ನು ಬ್ಲೈಂಡ್ ಟೆಸ್ಟ್. ಅಂದರೆ ಪುಸ್ತಕ ಕೊಟ್ಟು, ಬರೆದವರು ಪಕ್ಕದಲ್ಲಿ ಇಲ್ಲದೆ ಆಡಿಸುವುದು. ಯಾಕೆ ಬೇಕು? ನೀವು ಮೇಜಿನ ಹತ್ತಿರ ಇದ್ದರೆ, ಪುಸ್ತಕದಲ್ಲಿ ಬಿಟ್ಟುಹೋದದ್ದನ್ನೆಲ್ಲ ನಿಮಗೇ ತಿಳಿಯದ ಹಾಗೆ ಬಾಯಲ್ಲಿ ಹೇಳಿಬಿಡುತ್ತೀರಿ. ಒಂದು ಗುಂಪು ತಮ್ಮ ಆಟವನ್ನು ರೆಕಾರ್ಡ್ ಮಾಡಿ ಕಳಿಸಿತು. "ಎಣ್ಣೆ ಯಾವಾಗ ಕಡಿಮೆ ಮಾಡೋದು?" ಅಂತ ಒಬ್ಬರು. "ಆರನೇ ಪುಟದಲ್ಲಿದೆ." "ಅಲ್ಲಿ ಎಷ್ಟು ಅಂತ ಇದೆ, ಯಾವಾಗ ಅಂತ ಇಲ್ಲ." ಆಮೇಲೆ ಬರೀ ಹಾಳೆ ಮಗುಚುವ ಸದ್ದು. ಒಂಬತ್ತು ನಿಮಿಷ. ಆ ರೂಲ್ ಇದ್ದದ್ದು 19ನೇ ಪುಟದಲ್ಲಿ. ಅದೇ ಗುಂಪು ಬರೆದು ಕಳಿಸಿದ ಅಭಿಪ್ರಾಯದಲ್ಲಿ "ರೂಲ್ಸ್ ಸ್ಪಷ್ಟವಾಗಿವೆ" ಅಂತಿತ್ತು. ಅವರು ಸುಳ್ಳು ಹೇಳಲಿಲ್ಲ. ಹುಡುಕಿದ್ದು ಸಿಕ್ಕ ಮೇಲೆ ಹುಡುಕಾಟ ಮರೆತುಹೋಗುತ್ತದೆ, ಅಲ್ವಾ?

ದೊಡ್ಡ ಆಟಗಳ ದಾರಿ ಬೇರೆ. "ಡಂಜನ್ಸ್ ಅಂಡ್ ಡ್ರ್ಯಾಗನ್ಸ್" ಶುರುವಾಗಿದ್ದು 1974ರಲ್ಲಿ. ಅದರ ಐದನೇ ಆವೃತ್ತಿಗೆ 2012ರಲ್ಲೇ ಎಲ್ಲರಿಗೂ ತೆರೆದ ಪ್ಲೇಟೆಸ್ಟ್ ಶುರು ಮಾಡಿ, ಸರ್ವೆ ಮಾಡುತ್ತಾ ಹೋಗಿ, 2014ರಲ್ಲಿ ಪುಸ್ತಕ ತಂದರು. ಅಷ್ಟೊಂದು ಜನರಿದ್ದಾಗ ಶೇಕಡಾವಾರು ನೋಡಬಹುದು. ನಮ್ಮ ಹತ್ತಿರ ಇರುವುದು ಐದಾರು ಜನ. ಅವರ ಉತ್ತರಗಳಿಗೆ ಸರಾಸರಿ ತೆಗೆದು ಏನೂ ಸಿಗಲ್ಲ. ಆದರೆ ಐದು ಜನರ ಮುಖವನ್ನು ಮೂರು ಗಂಟೆ ನೋಡುತ್ತಾ ಕೂರಬಹುದು, ಅದು ಯಾವ ಸರ್ವೆಗೂ ಆಗದ ಕೆಲಸ.

ಕೆಲವು ಮಾತನ್ನು ಬೇಡ ಅನ್ನಲೂ ಬೇಕು. "ಲೆವೆಲ್ ಸೇರಿಸಿ, ಕತ್ತಿ ಗುರಾಣಿ ಸೇರಿಸಿ" ಅಂತ ಒಬ್ಬರು ಪ್ರೀತಿಯಿಂದ ಎರಡು ಪುಟ ಬರೆದಿದ್ದರು. ಒಳ್ಳೆ ಆಟವೇ, ಆದರೆ ಅದು ಬೇರೆ ಆಟ. ಥ್ಯಾಂಕ್ಸ್ ಹೇಳಿ, ಯಾಕೆ ಸೇರಿಸುವುದಿಲ್ಲ ಅಂತ ಬಿಡಿಸಿ ಹೇಳಿದೆ.

ಒಂದು ವಿಷಯಕ್ಕೆ ಮಾತ್ರ ಆಟ ಮುಗಿಯೋವರೆಗೆ ಕಾಯಬೇಡಿ. ಯಾರಿಗಾದರೂ ಕಥೆಯಲ್ಲಿ ಬಂದದ್ದು ಮನಸ್ಸಿಗೆ ಕಷ್ಟ ಆದರೆ ಆಗಲೇ ನಿಲ್ಲಿಸೋ ದಾರಿ ಇರಬೇಕು. ಜಾನ್ ಸ್ಟಾವ್ರೊಪೌಲಸ್ ಮಾಡಿದ ಎಕ್ಸ್-ಕಾರ್ಡ್ ಇದಕ್ಕೇ ಇರುವುದು. ಮೇಜಿನ ಮಧ್ಯೆ ಒಂದು ಕಾರ್ಡ್, ಯಾರು ಮುಟ್ಟಿದರೂ ಆ ಸಂಗತಿ ಬಿಟ್ಟು ಮುಂದೆ ಹೋಗಬೇಕು. ಕಾರಣ ಕೇಳುವ ಹಾಗಿಲ್ಲ.

ನೀವು ಈಚೆಗೆ ಯಾವುದಾದರೂ ಸಣ್ಣ ಆಟ ಆಡಿದ್ದರೆ ಅದನ್ನು ಬರೆದವರಿಗೆ ನಾಲ್ಕು ಸಾಲು ಕಳಿಸಿ. ಎಷ್ಟು ಜನ ಕೂತಿದ್ದಿರಿ, ಎಷ್ಟು ಹೊತ್ತು ಆಡಿದಿರಿ, ಯಾವ ರೂಲ್ ಹುಡುಕೋಕೆ ಆಟ ನಿಲ್ಲಿಸಿದಿರಿ, ಯಾವಾಗ ಫೋನ್ ಕೈಗೆ ಬಂತು. ಇಷ್ಟು ಸಾಕು. ಆ ಒಂಬತ್ತು ನಿಮಿಷದ ರೆಕಾರ್ಡಿಂಗ್ ಹಾಕೋಕೆ ಆ ಗುಂಪು ಒಪ್ಪಿದೆ. ಮುಂದಿನ ವಿಡಿಯೋದಲ್ಲಿ ಅದನ್ನು ಪೂರ್ತಿ ಕೇಳೋಣ, ಪುಸ್ತಕ ಪಕ್ಕದಲ್ಲಿ ತೆರೆದಿಟ್ಟುಕೊಂಡು.