ಹಡಗು ಹೊರಡುವ ಮುನ್ನ ಬರುವ ನಾಯಿ

ಕೇಳುಗರಿಗೆ ನಮಸ್ಕಾರ.

ದೊಡ್ಡ ಸರಕು ಹಡಗು ಅಂದರೆ 200 ಮೀಟರ್ ಉದ್ದ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಅದನ್ನು ನಡೆಸುವವರು 20, 25 ಜನ ಅಷ್ಟೇ. ಬಂದರಿನಲ್ಲಿ ನಿಂತಾಗ ಇವರ ಜೊತೆ ಸರಕು ಇಳಿಸುವವರು, ರಿಪೇರಿಯವರು, ದಿನಸಿ ತರುವವರು ಹತ್ತುತ್ತಾ ಇಳಿಯುತ್ತಾ ಇರುತ್ತಾರೆ. ಹತ್ತಿದವರೆಲ್ಲ ಇಳಿದರಾ? ಹೆಸರು ಬರೆಸುವ ಪುಸ್ತಕವೊಂದು ಗ್ಯಾಂಗ್‌ವೇ, ಅಂದರೆ ದಡದಿಂದ ಹಡಗಿಗೆ ಹತ್ತುವ ಮೆಟ್ಟಿಲ ಬಳಿ ಇರುತ್ತದೆ, ನಿಜ. ಆದರೆ ರಾತ್ರಿ ಹಗ್ಗ ಹಿಡಿದು ಹತ್ತಿದವನು ಆ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಅಲ್ವಾ?

ಹೀಗೆ ಕದ್ದು ಹತ್ತಿ ಅಡಗಿ ಕೂತವರನ್ನು ಪತ್ತೆ ಮಾಡುವ ನಾಯಿಗಳ ಬಗ್ಗೆ ಇವತ್ತು ಮಾತಾಡೋಣ. ದಕ್ಷಿಣ ಆಫ್ರಿಕಾದ ಡರ್ಬನ್‌ನಂಥ ಬಂದರುಗಳಲ್ಲಿ ಹಡಗು ಹೊರಡುವ ಮುನ್ನ ನಾಯಿಗಳ ತಂಡವನ್ನು ಕರೆಸುವುದುಂಟು.

ಸಿಬ್ಬಂದಿಯೇ ಹುಡುಕಿದರೆ ಸಾಲದೇ? ಹುಡುಕುತ್ತಾರೆ. ಪಟ್ಟಿ ಹಿಡಿದು ಲೈಫ್‌ಬೋಟು, ಸ್ಟೋರ್ ರೂಮು, ಲಂಗರಿನ ಸರಪಳಿ ಇಡುವ ಗುಂಡಿ, ಕ್ರೇನಿನ ಕ್ಯಾಬಿನ್, ಹೊಗೆಕೊಳವೆಯ ಸುತ್ತಲಿನ ಸಂದು, ಎಲ್ಲ ಕಡೆ ಟಾರ್ಚ್ ಹಾಕುತ್ತಾರೆ. ಆದರೆ ಟಾರ್ಚ್ ಬಿದ್ದ ಕಡೆ ಮಾತ್ರ ಕಾಣುತ್ತದೆ. ಎಂಜಿನ್ ರೂಮಿನ ನೆಲದ ತಗಡಿನ ಕೆಳಗೆ ಅಂಗಾತ ಮಲಗಿದವನು ಕಾಣುವುದಿಲ್ಲ. ಅವನ ಮೈವಾಸನೆ ಮಾತ್ರ ಆ ತಗಡಿನ ಸಂದಿಯಿಂದ ಹೊರಗೆ ಬಂದೇ ಬರುತ್ತದೆ. ನಮ್ಮ ಚರ್ಮದಿಂದ ಕಣ್ಣಿಗೆ ಕಾಣದ ಹೊಟ್ಟು ಸದಾ ಉದುರುತ್ತಿರುತ್ತದೆ. ಬೆವರು ಇದೆ, ಉಸಿರು ಇದೆ. ಹೆದರಿ ಕೂತವನು ಉಸಿರು ಬಿಗಿಹಿಡಿಯಬಹುದು, ಬೆವರು ಬಿಗಿಹಿಡಿಯಲಾರ.

ಈಗ ಕಷ್ಟದ ಭಾಗಕ್ಕೆ ಬರೋಣ. ವಾಸನೆ ಇರುವ ಜಾಗದಲ್ಲೇ ಮನುಷ್ಯ ಇರಬೇಕೆಂದಿಲ್ಲ. ಹಡಗಿನ ಒಳಗೆ ಗಾಳಿ ವಿಚಿತ್ರವಾಗಿ ಓಡಾಡುತ್ತದೆ. ಬಿಸಿ ಗಾಳಿ ಮೆಟ್ಟಿಲ ದಾರಿ ಹಿಡಿದು ಮೇಲಕ್ಕೆ ಏರುತ್ತದೆ. ಫ್ಯಾನುಗಳು ಒಂದು ಕಡೆಯದನ್ನು ಎಳೆದು ಇನ್ನೊಂದು ಕಡೆ ಉಗುಳುತ್ತವೆ. ಕೆಳಗಿನ ಅಂತಸ್ತಿನಲ್ಲಿ ಅಡಗಿದವನ ವಾಸನೆ ಎರಡು ಅಂತಸ್ತು ಮೇಲೆ, ಯಾವುದೋ ಗಾಳಿಕಿಂಡಿಯಲ್ಲಿ ಬರಬಹುದು. ನಾಯಿ ಅಲ್ಲಿ ತಲೆ ಎತ್ತಿ ನಿಲ್ಲುತ್ತದೆ. ಆ ಗಾಳಿ ಎಲ್ಲಿಂದ ಬಂತು ಎಂದು ಯೋಚಿಸುವುದು ಹ್ಯಾಂಡ್ಲರ್, ಅಂದರೆ ನಾಯಿಯನ್ನು ನಡೆಸುವವನ ಕೆಲಸ. ಒಳ್ಳೆಯ ಹ್ಯಾಂಡ್ಲರ್ ನಾಯಿ ಬೊಗಳುವ ತನಕ ಕಾಯುವುದಿಲ್ಲ. ಅದರ ಬಾಲ, ಉಸಿರಿನ ಸದ್ದು, ತಟ್ಟನೆ ತಿರುಗುವ ಕತ್ತು ನೋಡಿಯೇ ಅರ್ಧ ವಿಷಯ ತಿಳಿದುಕೊಳ್ಳುತ್ತಾನೆ.

ಇನ್ನೊಂದು ತೊಡಕು. ಹಡಗಿನ ತುಂಬ ಮನುಷ್ಯರ ವಾಸನೆಯೇ. ಅಡುಗೆಯವನು ಯಾರು, ಅಡಗಿದವನು ಯಾರು ಎಂದು ನಾಯಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಹುಡುಕಾಟಕ್ಕೆ ಮೊದಲು ಸಿಬ್ಬಂದಿಯನ್ನು ಊಟದ ಕೋಣೆಯಂಥ ಒಂದೇ ಜಾಗಕ್ಕೆ ಸೇರಿಸಿ ತಲೆ ಎಣಿಸಬೇಕು. ಕೆಲಸ ಬಿಟ್ಟು ಬರಲಾಗದವರು ಎಲ್ಲಿದ್ದಾರೆ ಎಂದು ತಂಡಕ್ಕೆ ಮೊದಲೇ ಹೇಳಿರಬೇಕು. ಸುಮ್ನೆ ಅವಸರ ಮಾಡಿ, ಜನ ಓಡಾಡುತ್ತಿರುವಾಗಲೇ ನಾಯಿಯನ್ನು ಒಳಗೆ ಬಿಟ್ಟರೆ ಅದು ಸಿಕ್ಕವರನ್ನೆಲ್ಲ ತೋರಿಸುತ್ತದೆ. ಆಮೇಲೆ ನಾಯಿ ಸರಿಯಿಲ್ಲ ಅನ್ನುತ್ತಾರೆ!

ತರಬೇತಿಯಲ್ಲಿ ನಾಯಿಗೆ ಇದೆಲ್ಲ ಆಟ. ಅಡಗಿದವನು ಸಿಕ್ಕರೆ ಚೆಂಡು ಸಿಗುತ್ತದೆ. ಆದರೆ ಅಡಗಿಕೊಳ್ಳುವವರನ್ನು ಬದಲಿಸುತ್ತಲೇ ಇರಬೇಕು. ಇಲ್ಲದಿದ್ದರೆ ಅದು ತನ್ನ ಗೆಳೆಯನನ್ನು ಹುಡುಕಲು ಕಲಿಯುತ್ತದೆ, ಅಪರಿಚಿತನನ್ನಲ್ಲ. ಯಾರೂ ಇಲ್ಲದ ಹಡಗನ್ನೂ ಹುಡುಕಿಸಬೇಕು. ಏನೂ ಇಲ್ಲದಾಗ ಏನೂ ಇಲ್ಲ ಎನ್ನುವುದು ನಾಯಿಗಿಂತ ಮನುಷ್ಯನಿಗೆ ಕಷ್ಟ. ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಮಾದಕ ವಸ್ತು, ಸ್ಫೋಟಕ ಹುಡುಕುವ 18 ನಾಯಿ ತಂಡಗಳನ್ನು ಕರೆಸಿದ್ದರು. ಹುಡುಕಬೇಕಾದ ವಸ್ತು ಅಲ್ಲಿ ಎಲ್ಲೂ ಇರಲಿಲ್ಲ. ಇದೆ ಎಂದು ಹ್ಯಾಂಡ್ಲರ್‌ಗಳಿಗೆ ನಂಬಿಸಿದ್ದರು, ಅಷ್ಟೇ. ಆದರೂ ‘ಸಿಕ್ಕಿತು’ ಎಂಬ ಸೂಚನೆ ಮತ್ತೆ ಮತ್ತೆ ಬಂತು. ಹ್ಯಾಂಡ್ಲರ್ ಕಣ್ಣಿಗೆ ಬೀಳಲೆಂದು ಕೆಂಪು ಕಾಗದ ಅಂಟಿಸಿದ್ದ ಕಡೆ ಇನ್ನೂ ಜಾಸ್ತಿ. ಹಡಗಿನಲ್ಲೂ ‘ಇಲ್ಲೇ ಇರಬೇಕು’ ಎಂದು ಮೊದಲೇ ತೀರ್ಮಾನಿಸಿದ ಹ್ಯಾಂಡ್ಲರ್ ನಾಯಿಯ ಮೂಗನ್ನು ಹಾಳು ಮಾಡುತ್ತಾನೆ.

ನಾಯಿ ಹೋಗಬಾರದ ಜಾಗಗಳೂ ಇವೆ. ಧಾನ್ಯ ತುಂಬಿದ ಕೋಣೆಗೆ ಹುಳು ಹಿಡಿಯದಂತೆ ಫಾಸ್ಫೀನ್ ಎಂಬ ವಿಷ ಅನಿಲ ಬಿಟ್ಟಿರುತ್ತಾರೆ. ಮರದ ದಿಮ್ಮಿ ತುಂಬಿದ ಕೋಣೆಯಲ್ಲಿ ಆಮ್ಲಜನಕವೇ ಕಡಿಮೆಯಾಗಿರುತ್ತದೆ. ಗಾಳಿ ಪರೀಕ್ಷೆ ಮಾಡದೆ ಅಲ್ಲಿಗೆ ಮನುಷ್ಯನೂ ಇಳಿಯಬಾರದು. ನೇರ ಏಣಿ ಬಂದರೆ ನಾಯಿಗೆ ಪಟ್ಟಿ ಕಟ್ಟಿ ಎತ್ತಿಕೊಂಡು ಹೋಗಬೇಕು. ಜಾಲರಿ ನೆಲ ಪಾದ ಕೊರೆಯುತ್ತದೆ. ಬಿಸಿಲಿಗೆ ಕಾದ ಡೆಕ್ ಮೇಲೆ ನಡೆಸಲೇಬಾರದು.

ಇಷ್ಟೆಲ್ಲ ಯಾಕೆ? ಹಡಗು ದಡದಲ್ಲಿರುವಾಗ ಸಿಕ್ಕವನನ್ನು ಬಂದರಿನ ಪೊಲೀಸರಿಗೆ ಒಪ್ಪಿಸುವುದು ಸಾಮಾನ್ಯವಾಗಿ ಸುಲಭ. ನಡುಗಡಲಿನಲ್ಲಿ ಸಿಕ್ಕರೆ ಮುಂದಿನ ಬಂದರು ಅವನನ್ನು ಇಳಿಸಿಕೊಳ್ಳಲು ಒಪ್ಪದೇ ಇರಬಹುದು. ಕಾಗದಪತ್ರ, ಕಾವಲು, ವಿಮಾನದ ಖರ್ಚು ಎಲ್ಲ ಹಡಗಿನವರ ತಲೆಗೆ. ಈ ಭಯ ಎಂಥ ಕ್ರೌರ್ಯಕ್ಕೆ ತಿರುಗಬಹುದು ಎಂದು 1992ರಲ್ಲಿ ಎಂಸಿ ರೂಬಿ ಎಂಬ ಹಡಗಿನಲ್ಲಿ ಕಂಡಿತು. ಆಫ್ರಿಕಾದಿಂದ ಕದ್ದು ಹತ್ತಿದ್ದ 9 ಜನರಲ್ಲಿ 8 ಮಂದಿಯನ್ನು ಸಿಬ್ಬಂದಿಯೇ ಕೊಂದು ಸಮುದ್ರಕ್ಕೆ ಎಸೆದರು. ತಪ್ಪಿಸಿಕೊಂಡ ಒಬ್ಬ ಫ್ರಾನ್ಸಿನ ಲ ಹಾವ್ರ್‌ನಲ್ಲಿ ಪೊಲೀಸರಿಗೆ ಎಲ್ಲ ಹೇಳಿದ. 1995ರಲ್ಲಿ ಶಿಕ್ಷೆಯೂ ಆಯಿತು. ಮುಚ್ಚಿದ ಪೆಟ್ಟಿಗೆಗಳದ್ದು ಇನ್ನೊಂದು ಕಥೆ. 2019ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಜೀಬ್ರೂಗೆಯಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದ ಲಾರಿ ಟ್ರೇಲರ್ ಒಂದರೊಳಗೆ ವಿಯೆಟ್ನಾಂನ 39 ಜನ ಸತ್ತಿದ್ದರು. ಹಾಗಾಗಿ, ನಾಯಿ ಹಿಡಿದುಕೊಡುತ್ತದೆ ಅನ್ನುವುದಕ್ಕಿಂತ ಬದುಕಿಸುತ್ತದೆ ಅನ್ನುವುದೇ ಎಷ್ಟೋ ಸಲ ಸರಿ.

ನಾಯಿಯ ಮೂಗು ಮುಟ್ಟದ ಜಾಗವೊಂದು ಇನ್ನೂ ಉಳಿದಿದೆ. ಹಡಗಿನ ಹಿಂಬದಿ, ಚುಕ್ಕಾಣಿಯ ಮೇಲಿನ ಪೊಳ್ಳು. ಸರಕು ಇಲ್ಲದ ಹಡಗು ಎತ್ತರದಲ್ಲಿ ತೇಲುವಾಗ ಆ ಬಾಯಿ ನೀರಿನಿಂದ ಮೇಲೆ ಬರುತ್ತದೆ. ಸಣ್ಣ ದೋಣಿಯಲ್ಲಿ ಬಂದವರು ಅಲ್ಲಿಗೆ ಹತ್ತಿಬಿಡುತ್ತಾರೆ. 2022ರ ನವೆಂಬರ್‌ನಲ್ಲಿ ನೈಜೀರಿಯಾದ ಲಾಗೋಸ್‌ನಿಂದ ಹೊರಟ ಅಲಿಥಿನಿ 2 ಎಂಬ ಟ್ಯಾಂಕರ್ 11 ದಿನ ಸಾಗಿ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್ ಮುಟ್ಟಿದಾಗ ಮೂವರು ಚುಕ್ಕಾಣಿಯ ಮೇಲೆ ಕೂತಿದ್ದರು. ಡೆಕ್ ಮೇಲೆ ಎಷ್ಟು ನಾಯಿ ಓಡಾಡಿದರೂ ಅವರು ಸಿಗುತ್ತಿರಲಿಲ್ಲ. ಅದಕ್ಕೆ ಬೇಕಾದ್ದು ಆ ಬಾಯಿಗೆ ಬೆಸುಗೆ ಹಾಕಿದ ಕಬ್ಬಿಣದ ಸರಳು, ಮತ್ತು ಹೊರಡುವ ಮುನ್ನ ಹಿಂಬದಿಗೆ ದೋಣಿಯಲ್ಲಿ ಹೋಗಿ ಬಗ್ಗಿ ನೋಡುವ ಒಬ್ಬ ಮನುಷ್ಯ.

ನಮಸ್ಕಾರ.