ಮೊದಲು ಬಾಗಿಲು ತೆರೆದ ಅರಸ

ಎಲ್ಲರಿಗೂ ನಮಸ್ಕಾರ. ಬೈಬಲಿನಲ್ಲಿ ಬರುವ ಯೆಹೂದ ರಾಜ್ಯದ ಒಳ್ಳೆಯ ಅರಸರ ಬಗ್ಗೆ ಮಾತಾಡಿ ಎಂದಿದ್ದಾರೆ. ಆಸ, ಯೆಹೋಷಾಫಾಟ, ಹಿಜ್ಕೀಯ, ಯೋಷೀಯ, ನಾಲ್ವರ ಬಗ್ಗೆಯೂ ಬರೆದುಕೊಂಡು ಬಂದಿದ್ದೇನೆ. ಆದರೆ ಹಿಜ್ಕೀಯನ ಹತ್ತಿರ ಬಂದರೆ ಮುಂದೆ ಹೋಗಲು ನನಗೆ ಮನಸ್ಸೇ ಬರುವುದಿಲ್ಲ.

ಪಟ್ಟಕ್ಕೆ ಬಂದಾಗ ಅವನಿಗೆ 25 ವರ್ಷ. ಅಪ್ಪ ಆಹಾಜ ಯೆರೂಸಲೇಮಿನ ದೇವಾಲಯದ ಬಾಗಿಲು ಮುಚ್ಚಿಸಿದ್ದ. ದೀಪ ಆರಿತ್ತು, ಧೂಪ ನಿಂತಿತ್ತು. ಅಶ್ಶೂರ ಎಂಬ ದೊಡ್ಡ ಸಾಮ್ರಾಜ್ಯದ ಭಯ ಬೇರೆ. ಇನ್ಯಾರಾದರೂ ಆಗಿದ್ದರೆ ಮೊದಲು ಕೋಟೆ ನೋಡುತ್ತಿದ್ದರು, ಅಲ್ವಾ? ಇವನು ಮೊದಲ ವರ್ಷದ ಮೊದಲ ತಿಂಗಳಲ್ಲೇ ಬಾಗಿಲು ರಿಪೇರಿ ಮಾಡಿಸಿ ತೆರೆದ. ಹೊಸದೇನೂ ಕಟ್ಟಲಿಲ್ಲ. ಇದ್ದದ್ದನ್ನು ತೆರೆದ. ಇದನ್ನು ಇವತ್ತು ಎರಡು ಮೂರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆಮೇಲೆ ಗುಡಿಸುವ ಕೆಲಸ. ಒಳಮನೆಗೆ ಯಾಜಕರೇ ಹೋಗಬೇಕು. ಅವರು ಹೊಲಸನ್ನು ಅಂಗಳಕ್ಕೆ ತಂದು ಹಾಕಿದರು. ದೇವಾಲಯದ ಸೇವೆ ಮಾಡುವ ಕುಲದವರಾದ ಲೇವಿಯರು ಅದನ್ನು ಹೊತ್ತು ಕಿದ್ರೋನ್ ಹಳ್ಳಕ್ಕೆ ಒಯ್ದರು. ಹೊರಗಿನಿಂದ ಮಂಟಪ ಮುಟ್ಟಲು 8 ದಿನ, ಆಲಯಕ್ಕೆ ಇನ್ನೂ 8 ದಿನ. ಬಹಳ ದಿನ ಬೀಗ ಹಾಕಿದ್ದ ಮನೆ ಕ್ಲೀನ್ ಮಾಡಿದವರಿಗೆ ಗೊತ್ತು, ಧೂಳು ಮುಗಿಯುವುದೇ ಇಲ್ಲ. ಅಷ್ಟರಲ್ಲಿ ಅದೇ ತಿಂಗಳ 14ಕ್ಕೆ ಆಗಬೇಕಿದ್ದ, ಈಜಿಪ್ಟಿನ ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬವೇ ತಪ್ಪಿಹೋಯಿತು!

ಅರಸ ಹಬ್ಬ ಬಿಡಲಿಲ್ಲ. ಎರಡನೇ ತಿಂಗಳ 14ಕ್ಕೆ ಇಟ್ಟುಕೊಂಡ. ದಕ್ಷಿಣದ ಬೇರ್ಷೆಬದಿಂದ ಉತ್ತರದ ದಾನ್‌ವರೆಗೂ ಓಲೆ ಹೋಯಿತು. ಉತ್ತರದಲ್ಲಿ ಬಹಳ ಜನ ಓಲೆ ತಂದವರನ್ನು ನೋಡಿ ನಕ್ಕರು. ಕೆಲವರು ಬಂದರು. ಬಂದವರಲ್ಲೂ ಅನೇಕರು ಶುದ್ಧಿ ಮಾಡಿಕೊಳ್ಳದೆ ಊಟಕ್ಕೆ ಕೂತುಬಿಟ್ಟರು. ನಿಯಮದ ಪ್ರಕಾರ ಅದು ತಪ್ಪೇ. ಹಿಜ್ಕೀಯ ಅವರನ್ನು ಎಬ್ಬಿಸಲಿಲ್ಲ. ಮನಸ್ಸಿಟ್ಟು ನಿನ್ನನ್ನು ಹುಡುಕಿ ಬಂದಿದ್ದಾರೆ, ಕ್ಷಮಿಸು ಎಂದು ದೇವರಲ್ಲಿ ಬೇಡಿಕೊಂಡ. ಇಲ್ಲಿಗೆ ಬಂದರೆ ನನಗೆ ಕಣ್ಣು ತುಂಬುತ್ತದೆ. ಬಾಗಿಲು ತೆರೆಯುವುದು ಅಂದರೆ ಸುಮ್ನೆ ಅಗುಳಿ ಸರಿಸುವುದಲ್ಲ. 7 ದಿನದ ಹಬ್ಬ ಸಾಲದೆ ಜನ ಇನ್ನೂ 7 ದಿನ ಮಾಡಿದರು.

ಹಾಗಂತ ಅವನು ಮೆತ್ತಗಿನವನಲ್ಲ. ಹಿಂದಿನ ಕಾಲದ ನಾಯಕ ಮೋಶೆ ಮಾಡಿಸಿದ್ದ ತಾಮ್ರದ ಸರ್ಪಕ್ಕೆ ಜನ ಧೂಪ ಹಾಕುತ್ತಿದ್ದರು. ಅದನ್ನೂ ಚೂರು ಮಾಡಿದ. 1973ರಲ್ಲಿ ಬೇರ್ಷೆಬದ ಉಗ್ರಾಣವೊಂದರ ಗೋಡೆಯಲ್ಲಿ, ಕಿತ್ತುಹಾಕಿದ ಬಲಿಪೀಠದ ಕಲ್ಲುಗಳು ಸಿಕ್ಕವು. ಅಗೆತ ನಡೆಸಿದ ಯೋಹಾನನ್ ಅಹರೋನಿ, ಅದನ್ನು ಕಿತ್ತುಹಾಕಿದ್ದು ಹಿಜ್ಕೀಯನ ಕಾಲದಲ್ಲಿ ಎಂದರು. ಕೆಲವು ವಿದ್ವಾಂಸರು ಒಪ್ಪಿಲ್ಲ. ನನಗೆ ಆ ಮಾತು ಸರಿ ಅನ್ನಿಸುತ್ತದೆ.

ಟೈಮ್ ಆಯ್ತು ಎಂದು ಸನ್ನೆ ಬರುತ್ತಿದೆ. ಆಸ, ಯೆಹೋಷಾಫಾಟ ಉಳಿದೇ ಹೋದರು. ಯೋಷೀಯನ ಬಗ್ಗೆ ಮಾತ್ರ ಎರಡು ಮಾತು. ಅವನು 8ನೇ ವಯಸ್ಸಿಗೆ ಅರಸ. ಆಳ್ವಿಕೆಯ 18ನೇ ವರ್ಷ ದೇವಾಲಯ ದುರಸ್ತಿ ಮಾಡಿಸುವಾಗ ಮಹಾಯಾಜಕ ಹಿಲ್ಕೀಯನಿಗೆ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ನೋಡಿ, ಅದೂ ಹೊಸದಲ್ಲ, ಒಳಗೇ ಇತ್ತು! ಅರಸನ ಲೇಖಕ ಶಾಫಾನ ಅದನ್ನು ಓದಿದಾಗ ಅರಸ ಬಟ್ಟೆ ಹರಿದುಕೊಂಡ. ದೇವರ ಮಾತು ಕೇಳಿ ಬನ್ನಿ ಎಂದು ದೊಡ್ಡವರನ್ನೇ ಕಳಿಸಿದ. ಮಹಾಯಾಜಕ ಹಿಲ್ಕೀಯನೂ ಸೇರಿ 5 ಜನ ಹೋಗಿ ನಿಂತದ್ದು ಒಬ್ಬ ಹೆಣ್ಣುಮಗಳ ಬಾಗಿಲಲ್ಲಿ, ಪ್ರವಾದಿನಿ ಹುಲ್ದಳ ಮನೆಯಲ್ಲಿ.