ಚಾಪ್ಲಿನ್ ಚಿತ್ರ ಎಲ್ಲರದ್ದೇ, ಆದರೆ ಯಾವ ಪ್ರತಿ?

ಕೇಳುಗರೇ, ನಮಸ್ಕಾರ. ಕಾಲೇಜಿನಲ್ಲಿ, ಚಿತ್ರಸಮಾಜದಲ್ಲಿ ಹಳೆಯ ಮೂಕಿ ಚಿತ್ರ ತೋರಿಸುವವರು, ಅದರ ತುಣುಕು ಸೇರಿಸಿ ಯೂಟ್ಯೂಬಿಗೆ ಹಾಕುವವರು ಒಂದು ಮಾತು ನೆನಪಿಡಿ: ಚಿತ್ರದ ಹೆಸರು ನೋಡಿದರೆ ಸಾಲದು, ಪ್ರತಿ ನೋಡಿ.

ಚಾರ್ಲಿ ಚಾಪ್ಲಿನ್ ಅವರ ‘ದಿ ಗೋಲ್ಡ್ ರಶ್’ ನೋಡಿರುತ್ತೀರಿ. ಹಸಿವು ತಾಳಲಾರದೆ ಬೂಟು ಬೇಯಿಸಿ, ಅದರ ಮೊಳೆಗಳನ್ನು ಮೂಳೆ ಚೀಪಿದಂತೆ ಚೀಪುತ್ತಾನಲ್ಲ, ಅದೇ. ಬಂದದ್ದು 1925ರಲ್ಲಿ. ಆಗ ಅಮೆರಿಕದಲ್ಲಿ ಕೃತಿಸ್ವಾಮ್ಯ ಮೊದಲಿಗೆ 28 ವರ್ಷ. ಕೊನೆಯ ವರ್ಷದಲ್ಲಿ ನವೀಕರಿಸದಿದ್ದರೆ ಹಕ್ಕು ಹೋದಂತೆಯೇ. 1953ರಲ್ಲಿ ಈ ಚಿತ್ರದ ನವೀಕರಣ ಆಗಲಿಲ್ಲ. ಚಾಪ್ಲಿನ್ ಆಗ ಅಮೆರಿಕ ಬಿಟ್ಟು ಸ್ವಿಟ್ಜರ್ಲೆಂಡ್ ಸೇರಿದ್ದರು. ಅದೇನೇ ಇರಲಿ, ನವೀಕರಿಸಿದ್ದರೆ ಸಿಗುತ್ತಿದ್ದ ಒಟ್ಟು 95 ವರ್ಷದ ಲೆಕ್ಕ ಹಿಡಿದರೂ 2021ರ ಜನವರಿ 1ರಿಂದ ಅದು ಅಲ್ಲಿ ಸಾರ್ವಜನಿಕ ಸ್ವತ್ತು.

ಆದರೆ 1942ರಲ್ಲಿ ಅವರು ಅದೇ ಚಿತ್ರವನ್ನು ತಿದ್ದಿ ಮತ್ತೆ ಬಿಡುಗಡೆ ಮಾಡಿದ್ದರು. ನಡುನಡುವಿನ ಬರಹದ ಫಲಕಗಳು ಹೋಗಿ ಅವರದೇ ದನಿಯ ನಿರೂಪಣೆ ಬಂತು, ಅವರದೇ ಸಂಗೀತ ಬಂತು. ನಾಯಕಿ ಬೇರೊಬ್ಬನಿಗೆ ಬರೆದಿದ್ದ ಚೀಟಿ ಈಗ ಚಾರ್ಲಿಗೇ ಬರೆದದ್ದಾಯಿತು! ಕೊನೆಯ ಮುತ್ತಿಗೆ ಕತ್ತರಿ ಬಿತ್ತು. ಒಂದೂವರೆ ಗಂಟೆಯ ಚಿತ್ರ 72 ನಿಮಿಷಕ್ಕೆ ಇಳಿಯಿತು. ಈ ಪ್ರತಿಯ ಹಕ್ಕು ಅಮೆರಿಕದಲ್ಲಿ 2037ರ ಕೊನೆಯವರೆಗೂ ಇದೆ.

ಗುರುತಿಸುವುದು ಕಷ್ಟವೇನಲ್ಲ, ಆದರೂ ಯಾರೂ ನೋಡುವುದಿಲ್ಲ. ನಿರೂಪಕನ ದನಿ ಕೇಳಿಸಿದರೆ 1942ರದ್ದು, ಮುಟ್ಟಬೇಡಿ. ಫಲಕಗಳಿದ್ದು, ಕೊನೆಯಲ್ಲಿ ಮುತ್ತೂ ಇದ್ದರೆ 1925ರದ್ದು. ಅದರಲ್ಲೂ ಸಂಗೀತ ಕೇಳಿಸಿದರೆ ಆ ಧ್ವನಿಮುದ್ರಣ ಯಾರದೋ ಇತ್ತೀಚಿನ ಕೆಲಸ ಇರಬಹುದು. ಆಕ್ಷೇಪ ಬರುವುದು ಹೆಚ್ಚಾಗಿ ಅಲ್ಲಿಂದಲೇ. ಧ್ವನಿ ಪೂರ್ತಿ ತೆಗೆದುಬಿಡಿ.

ನಮ್ಮ ದೇಶದಲ್ಲಿ ಚಲನಚಿತ್ರಕ್ಕೆ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಸಂಗೀತದ ಲೆಕ್ಕವೇ ಬೇರೆ, ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ. ಚಾಪ್ಲಿನ್ ತೀರಿಕೊಂಡದ್ದು 1977ರಲ್ಲಿ, ಕೂಡಿಸಿ ನೋಡಿ. ಯುರೋಪಿನಲ್ಲಿ 70 ವರ್ಷ, ಅಂದರೆ 2047ರ ಕೊನೆಯವರೆಗೆ. ಹಾಗಾಗಿ ನೀವು ಹಾಕಿದ ವಿಡಿಯೊ ಇಲ್ಲಿ ಕಂಡರೂ ಅಲ್ಲಿ ತಡೆಯಾಗಬಹುದು.

ಸಭಾಂಗಣದಲ್ಲಿ ತೋರಿಸುವವರು ಪರದೆಯ ಪಕ್ಕ ಹಾರ್ಮೋನಿಯಂ, ತಬಲಾದವರನ್ನು ಕೂರಿಸಿ. ಮೂಕಿ ಕಾಲದಲ್ಲೂ ವಾದ್ಯದವರು ಎದುರಿಗೇ ಕೂತು ನುಡಿಸುತ್ತಿದ್ದರು. ಪ್ರತಿ ಎಲ್ಲಿಂದ ತಂದಿರಿ, ಯಾವ ವರ್ಷದ್ದು ಎಂದು ಬರೆದಿಟ್ಟುಕೊಳ್ಳಿ. ಆಕ್ಷೇಪ ಬಂದರೆ ಮೊದಲು ಕೇಳುವುದು ಅದನ್ನೇ. ನಮಸ್ಕಾರ.